ಇಪ್ಪತ್ತೇಳನೇ ಮಣಿಕಟ್ಟು

ಹೈದರಾಬಾದ್,
12 ಫೆಬ್ರುವರಿ 2013

ಪೂಜ್ಯ ಸುಂದ್ರಮ್ಮ ಅಕ್ಕೋರಿಗೆ,

ನಿಮ್ಮ ಕೈಯಲ್ಲಿ ಅಕ್ಷರ ಕಲಿತ, ಅದೇ ಕೈಯಿಂದ ಏಟೂ ತಿಂದ ಭೀಮಾಬಾಯಿಯ ನಮಸ್ಕಾರ. ನಲವತ್ತು ಮಕ್ಕಳನ್ನು ಮೂರು ತಂಡ ಮಾಡಿ, ಯಾದಗಿರಿ ಸ್ಟೇಷನ್ನಿನಲ್ಲಿ ಎಣಿಸಿ ಹತ್ತಿಸಿ, ಇಲ್ಲಿ ಎಣಿಸಿ ಇಳಿಸಿ, ಒಬ್ಬರನ್ನೂ ಕಳೆಯದೆ ತಿರುಗಿ ನಿಮ್ಮ ಕಾಲುವೆ ಕೂಲಿಗಳ ಕ್ಯಾಂಪಿಗೆ ಮುಟ್ಟಿಸಿದ್ದೀರಿ. ನಿವೃತ್ತಿಗೆ ನಾಲ್ಕು ತಿಂಗಳಿರುವ ಮುಖ್ಯೋಪಾಧ್ಯಾಯಿನಿ ಯಾರೂ ಇಷ್ಟು ಓಡಾಡುವುದಿಲ್ಲ. ನೀವು ಬಿಟ್ಟುಹೋದ ಶೇಂಗಾ ಹಿಂಡಿಯನ್ನು ನಮ್ಮ ಪ್ರೊಫೆಸರು ಅನ್ನಕ್ಕೂ ಹಾಕಿಕೊಳ್ಳುತ್ತಾರೆ, ಬ್ರೆಡ್ಡಿಗೂ ಹಚ್ಚಿಕೊಳ್ಳುತ್ತಾರೆ.

ಮೊನ್ನೆ ನನ್ನ ಕೆಲಸದ ಬಗ್ಗೆ ಹೇಳಹೋದರೆ "ತಿಳೀಲಿಲ್ಲವ್ವ, ಕಾಗದದಾಗ ಬರಿ. ಫೋನು ಗಾಡಿ ಟೈಮ್ ಕೇಳಾಕ ಅಷ್ಟ" ಎಂದಿರಿ. ಬರೆಯುತ್ತೇನೆ. ಬೆಳೆಯುವ ಮಕ್ಕಳ ಮಣಿಕಟ್ಟಿನಲ್ಲಿ, ಎಲುಬಿನ ತುದಿಗೆ, ಮೆತ್ತನೆಯ ಒಂದು ಪಟ್ಟಿ ಇರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಬೆಳವಣಿಗೆ ಮುಗಿಯುತ್ತ ಬಂದಂತೆ ಪಟ್ಟಿ ತೆಳುವಾಗುತ್ತದೆ, ಹುಡುಗಿಯರಲ್ಲಿ ಹದಿನೇಳು ಹದಿನೆಂಟರ ಸುಮಾರಿಗೆ ಮುಚ್ಚಿಹೋಗುತ್ತದೆ. ಎಕ್ಸ್‌ರೇ ತೆಗೆದರೆ ಇದು ಕಾಣುತ್ತದೆ. ಆದರೆ ಬರೀ ಸಂಶೋಧನೆಗೆಂದು ಆರೋಗ್ಯವಂತ ಮಕ್ಕಳಿಗೆ ಮತ್ತೆ ಮತ್ತೆ ಎಕ್ಸ್‌ರೇ ಹಾಯಿಸುವುದು ಸರಿಯಲ್ಲ. ಎಂ.ಆರ್.ಐ. ಯಂತ್ರದಲ್ಲಿರುವುದು ಆಯಸ್ಕಾಂತ, ಅದಕ್ಕೆ ಆ ತೊಂದರೆಯಿಲ್ಲ. ಆದರೆ ಅದು ಬಲು ನಿಧಾನ. ಕೈ ಅಲುಗಿದರೆ ಚಿತ್ರ ಮಸುಕಾಗುತ್ತದೆ. ಪಟ್ಟಿಯಲ್ಲಿರುವ ನೀರನ್ನೂ ಎಲುಬಿನೊಳಗಿನ ಕೊಬ್ಬನ್ನೂ ಬೇರ್ಪಡಿಸಿ, ಕೆಲವೇ ನಿಮಿಷಗಳಲ್ಲಿ ಪಟ್ಟಿಯ ದಪ್ಪ ಅಳೆಯುವ ದಾರಿ ಹುಡುಕುವುದೇ ನನ್ನ ಮೂರು ವರ್ಷದ ಕೆಲಸ. ದಾರಿ ಸಿಕ್ಕರೆ, ಹೊಟ್ಟೆಗೆ ಸಾಲದ ಮಕ್ಕಳ ಬೆಳವಣಿಗೆಯನ್ನು ಅಭ್ಯಾಸ ಮಾಡುವವರಿಗೆ ದೊಡ್ಡ ಅನುಕೂಲ. ಅದಕ್ಕೂ ಮೊದಲು ಯಾವ ವಯಸ್ಸಿಗೆ ಪಟ್ಟಿ ಎಷ್ಟು ದಪ್ಪ ಎಂದು ಒಂದು ಗೆರೆ ಎಳೆದುಕೊಳ್ಳಬೇಕು. ನಿಮ್ಮ ಮಕ್ಕಳು ಬಂದದ್ದು ಆ ಗೆರೆಗೆ.

ನಲವತ್ತರಲ್ಲಿ ಮೂವತ್ತನಾಲ್ಕು ಮಂದಿ ಜೂನ್ ಒಂದನೇ ತಾರೀಖಿನಂದೇ ಹುಟ್ಟಿದ್ದಾರೆ! ಪ್ರೊಫೆಸರು ಕಣ್ಣುಜ್ಜಿಕೊಂಡು ನೋಡಿದರು. ನಮ್ಮ ಕಡೆ ಹುಟ್ಟಿದ ದಿನ ಯಾರೂ ಬರೆದಿಡುವುದಿಲ್ಲ, ಶಾಲೆಗೆ ಸೇರುವ ದಿನ ಅಕ್ಕೋರು ಮುಖ ನೋಡಿ ವರ್ಷ ಬರೆಯುತ್ತಾರೆ, ದಿನ ಯಾವಾಗಲೂ ಜೂನ್ ಒಂದು ಎಂದು ತಿಳಿಸಿ ಹೇಳಿದೆ. ನನ್ನದೂ ಜೂನ್ ಒಂದು ಎಂದಾಗ ಅವರು ನಕ್ಕರು. ಆರು ತಿಂಗಳು ಆಚೀಚೆ ಆಗಬಹುದೆಂದು ಲೆಕ್ಕದಲ್ಲಿ ಮೊದಲೇ ಬಿಟ್ಟುಕೊಂಡಿದ್ದೇನೆ.

ಮೂವತ್ತೊಂಬತ್ತು ಮಂದಿ ಗೆರೆಯ ಮೇಲೆ ಬಂದು ಕೂತಿದ್ದಾರೆ. ಒಬ್ಬಳು ಮಾತ್ರ ಕೂಡುತ್ತಿಲ್ಲ. ಹೆಸರು ನನಗೆ ಗೊತ್ತಿಲ್ಲ, ಗೊತ್ತಿರಬಾರದೆಂದೇ ನಿಯಮ. ಹೆಸರಿನ ಪಟ್ಟಿ ನಿಮ್ಮ ಬಳಿ ಇದೆ, ಸಂಖ್ಯೆ ಮಾತ್ರ ನನ್ನ ಬಳಿ. ಸಂಖ್ಯೆ ಇಪ್ಪತ್ತೇಳು, ಹುಡುಗಿ. ದಾಖಲೆಯಂತೆ ಹದಿನೇಳು ವರ್ಷ ಎಂಟು ತಿಂಗಳು. ಚಿತ್ರದಲ್ಲಿರುವ ಎಲುಬು ಹದಿನೈದರದು. ಆರು ತಿಂಗಳಾದರೆ ಸರಿ, ಸುಮಾರು ಮೂರು ವರ್ಷ ಎಂದರೆ ನನ್ನ ಪದ್ಧತಿಯಲ್ಲೇ ಎಲ್ಲೋ ತೂತಿದೆ. ದಯವಿಟ್ಟು ಒಮ್ಮೆ ಶಾಲೆಯ ದಾಖಲಾತಿ ಪುಸ್ತಕ ತೆಗೆದು ನೋಡಿ.

ನಿಮ್ಮ
ಭೀಮಾಬಾಯಿ


ಹದಿನಾರನೇ ಮೈಲಿ ಕ್ಯಾಂಪ್, ಶಹಾಪುರ ತಾಲ್ಲೂಕು,
25 ಫೆಬ್ರುವರಿ 2013

ಚಿರಂಜೀವಿ ಭೀಮಾಬಾಯಿಗೆ ಆಶೀರ್ವಾದಗಳು.

ನಾನು ಗಟ್ಟಿಯಾಗಿದ್ದೇನೆ, ಮೊಣಕಾಲಿನ ಮಾತು ಬೇಡ. ನಿನ್ನ ಕಾಗದ ಎರಡು ಸಲ ಓದಿದೆ. ನೀರು ಬೇರೆ, ಕೊಬ್ಬು ಬೇರೆ ಎನ್ನುವುದು ತಿಳಿಯಿತು. ಉಳಿದದ್ದು ತಿಳಿಯಿತೆಂದು ನೀನೇ ಅಂದುಕೋ.

ಇಪ್ಪತ್ತೇಳು ನಮ್ಮ ಮರಿಲಿಂಗಮ್ಮ. ಹೆಸರು ಗೊತ್ತಿರಬಾರದು ಎಂದಿದ್ದೆಯಲ್ಲ, ಬರೆದುಬಿಟ್ಟೆ, ಮರೆತುಬಿಡು. ಕಾಲುವೆ ಗ್ಯಾಂಗಿನಲ್ಲಿ ಕೆಲಸ ಮಾಡುವ ಸಾಬಣ್ಣನ ಎರಡನೇ ಮಗಳು. ಹೋದ ವರ್ಷ ಹತ್ತನೇತ್ತೆ ಪಾಸು ಮಾಡಿದ್ದಾಳೆ. ಕ್ಯಾಂಪಿನಲ್ಲಿ ಎಲ್ಲರ ಬಾಯಲ್ಲೂ "ಮರಿ". ಪುಸ್ತಕ ತೆಗೆದು ನೋಡಿದೆ. ಜನ್ಮ ದಿನಾಂಕ 1-6-1995. ನನ್ನದೇ ಅಕ್ಷರ, ನನ್ನದೇ ಸಹಿ. ಸಣ್ಣ ಮೈಕಟ್ಟಿನ ಹುಡುಗಿ, ಅವರವ್ವ ಮಾನಮ್ಮನೂ ಹಾಗೆಯೇ ಹಿಡಿಯಷ್ಟು. ಎಲುಬು ಏನು ಮಾಡುತ್ತದೆ?

ನೀನು ಚಿಕ್ಕವಳಿದ್ದಾಗ ಲೆಕ್ಕ ತಪ್ಪಿದರೆ ಹಲಗೆ ಸರಿಯಿಲ್ಲ, ಬಳಪ ಸರಿಯಿಲ್ಲ ಎನ್ನುತ್ತಿದ್ದೆ. ಈಗ ನನ್ನ ದಾಖಲಾತಿ ಪುಸ್ತಕ ಸರಿಯಿಲ್ಲವೋ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿದ್ದೇನೆ, ನನ್ನ ಪುಸ್ತಕದ ಮೇಲೆ ಇವತ್ತಿನವರೆಗೆ ಒಬ್ಬ ಇನ್ಸ್‌ಪೆಕ್ಟರನೂ ಕೆಂಪು ಗೆರೆ ಎಳೆದಿಲ್ಲ. ನಿನ್ನ ಯಂತ್ರವನ್ನೇ ಕಿವಿ ಹಿಂಡಿ ಕೇಳು.

ಈ ಸಲ ನೀರು ಚೆನ್ನಾಗಿ ಬಿಟ್ಟಿದ್ದಾರೆ, ಕ್ಯಾಂಪಿನ ಸುತ್ತ ಭತ್ತ ಹಸಿರಾಗಿ ನಿಂತಿದೆ. ಮೇ ಮೂವತ್ತೊಂದಕ್ಕೆ ನನ್ನ ಬೀಳ್ಕೊಡುಗೆ. ನಾನೂ ಜೂನ್ ಒಂದರವಳೇ, ಆದ್ದರಿಂದ ಹಿಂದಿನ ದಿನವೇ ಮನೆಗೆ. ನೀನು ಬರಲೇಬೇಕು.

ಇಂತಿ,
ಸುಂದ್ರಮ್ಮ ಟೀಚರ್


ಹೈದರಾಬಾದ್,
29 ಮಾರ್ಚ್ 2013

ಪೂಜ್ಯ ಅಕ್ಕೋರಿಗೆ,

ಕಿವಿ ಹಿಂಡಿ ಕೇಳಿದೆ. ನೀರು, ಎಣ್ಣೆ ತುಂಬಿದ ಬಾಟಲಿಗಳನ್ನು ಯಂತ್ರದಲ್ಲಿಟ್ಟು ಮೂರು ವಾರ ಪರೀಕ್ಷೆ ಮಾಡಿದೆ. ಯಂತ್ರ ಸುಳ್ಳು ಹೇಳುತ್ತಿಲ್ಲ. ಕೈ ಅಲುಗಿರಬೇಕು ಎಂದುಕೊಂಡರೆ, ನಲವತ್ತರಲ್ಲಿ ಅತಿ ಸ್ವಚ್ಛವಾದ ಚಿತ್ರ ಅವಳದೇ. ಊಟ ಸಾಲದ ಮಕ್ಕಳಲ್ಲಿ ಎಲುಬು ಹಿಂದೆ ಬೀಳುವುದುಂಟು, ಆದರೆ ನಿಮ್ಮ ಕ್ಯಾಂಪಿನ ಉಳಿದ ಮಕ್ಕಳೂ ಅದೇ ರೊಟ್ಟಿ ತಿಂದವರು. ಅವರು ಹಿಂದೆ ಬಿದ್ದಿಲ್ಲ.

ಕಡೆಗೆ ಪ್ರೊಫೆಸರು ಹೇಳಿದರು: ಒಂದು ಮಗು ಹೊಂದದಿದ್ದರೆ ಅದನ್ನು ಕೈಬಿಡು, ಅಳತೆ ದೋಷ ಎಂದು ಅಡಿಟಿಪ್ಪಣಿ ಹಾಕು. ಹಾಕಿದೆ. ಇಪ್ಪತ್ತೇಳನ್ನು ತೆಗೆದ ಕೂಡಲೇ ಗೆರೆ ಎಷ್ಟು ಚಂದ ಬಂತೆಂದರೆ ನಾನೇ ಒಂದು ಗಳಿಗೆ ನೋಡುತ್ತ ಕುಳಿತೆ. ಪ್ರಬಂಧ ನಿನ್ನೆ ಪತ್ರಿಕೆಗೆ ಹೋಯಿತು. ನಿಮ್ಮ ಪುಸ್ತಕದ ಮೇಲೆ ಅನುಮಾನಪಟ್ಟದ್ದಕ್ಕೆ ಕ್ಷಮಿಸಿ, ನೆಲ ಡೊಂಕಿಲ್ಲ.

ಮೂವತ್ತೊಂದಕ್ಕೆ ಬರುತ್ತೇನೆ. ಹಾರ ನಾನೇ ತರುತ್ತೇನೆ, ಕ್ಯಾಂಪಿನ ಪ್ಲಾಸ್ಟಿಕ್ ಹಾರ ನಿಮಗೆ ಬೇಡ.

ನಿಮ್ಮ
ಭೀಮಾಬಾಯಿ


ಹದಿನಾರನೇ ಮೈಲಿ ಕ್ಯಾಂಪ್,
26 ಏಪ್ರಿಲ್ 2013

ಭೀಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಓದಿಕೋ. ನಿನ್ನ ಯಂತ್ರ ಹೇಳಿದ್ದೇ ನಿಜ.

ನಿನ್ನೆ ಮಧ್ಯಾಹ್ನ ಮರಿಯ ಅಕ್ಕ ಹಣಮಂತಮ್ಮ ಗಂಡನ ಮನೆಯಿಂದ ಬಂದಿದ್ದಳು, ಲಗ್ನಕ್ಕೆ ಕರೆಯಲು. ಯಾರ ಲಗ್ನ ಎಂದರೆ, ಮರಿಯದು! ಜೂನ್ ಒಂಬತ್ತಕ್ಕೆ ಶಹಾಪುರದಲ್ಲಿ ಸಾಮೂಹಿಕ ವಿವಾಹ, ಹುಡುಗ ಶಿರವಾಳದವನು. ಅಲ್ಲಿ ವಯಸ್ಸಿನ ದಾಖಲೆ ನೋಡಿಯೇ ಹೆಸರು ಹಚ್ಚುತ್ತಾರೆ. ಜೂನ್ ಒಂದಕ್ಕೆ ಮರಿಗೆ ಹದಿನೆಂಟು ತುಂಬುತ್ತದೆ. ಹೋದ ತಿಂಗಳು ಸಾಬಣ್ಣ ಬಂದು ಸರ್ಟಿಫಿಕೇಟ್ ಕೇಳಿದಾಗ ಬರೆದುಕೊಟ್ಟವಳೂ ನಾನೇ. ಕಾಲೇಜಿಗೆ ಇರಬೇಕೆಂದುಕೊಂಡು ಖುಷಿಪಟ್ಟಿದ್ದೆ.

ಹಣಮಂತಮ್ಮನ ಕಂಕುಳಲ್ಲಿ ಅವಳ ಮಗ. ಎಷ್ಟು ವರ್ಷವೇ ಎಂದು ಸುಮ್ಮನೆ ಕೇಳಿದೆ.

"ಮೂರೂವರಿ ರೀ ಅಕ್ಕೋರ. ನೀವು ಮರೀನ ಸಾಲಿಗಿ ಹಚ್ಚಿಕೊಂಡಾಗ ಆಕಿ ಇಷ್ಟ ಇದ್ದಳಲ್ರಿ, ನೆನಪ ಅದ ಏನ್ರಿ?"

ನೆನಪಾಯಿತು ಭೀಮಾ, ಎಲ್ಲವೂ ನೆನಪಾಯಿತು.

2001ರ ಜೂನ್. ಹಣಮಂತಮ್ಮ ಆಗ ಹತ್ತು ವರ್ಷದವಳು, ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ದಿನಾ ಕಿಟಕಿಯ ಹೊರಗೆ ನಿಂತು ಮಗ್ಗಿ ಕೇಳುತ್ತಿದ್ದಳು, ಕಂಕುಳಲ್ಲಿ ತಂಗಿ. ಒಳಗೆ ಕರೆದರೆ ಮಾನಮ್ಮ, "ಆಕಿ ಸಾಲಿಗಿ ಬಂದ್ರ ಈ ಕೂಸಿನ ಯಾರ ನೋಡ್ಕೋಬೇಕ್ರಿ? ನಾವಿಬ್ರೂ ಕಾಲುವಿ ಮ್ಯಾಗ ಇರ್ತೀವಿ" ಎಂದಳು. ಅಂಗನವಾಡಿ ಕಾಲುವೆಯ ಆಚೆ ದಡದಲ್ಲಿತ್ತು, ದಾಟಲು ಆಗ ಸೇತುವೆ ಇರಲಿಲ್ಲ. ಹೆಸರಿಲ್ಲದ ಮಗುವನ್ನು ತರಗತಿಯಲ್ಲಿ ಕೂರಿಸಬಾರದೆಂದು ಮೇಲಿನವರು ಹೇಳಿಹೋಗಿದ್ದರು. ಇಬ್ಬರ ಹೆಸರನ್ನೂ ಹಚ್ಚಿಬಿಟ್ಟೆ. ದೊಡ್ಡವಳಿಗೆ ಎರಡು ವರ್ಷ ಇಳಿಸಿ ಎಂಟು ಎಂದು ಬರೆದೆ, ಚಿಕ್ಕವಳಿಗೆ ಎರಡೂವರೆ ಏರಿಸಿ ಆರು ಎಂದು ಬರೆದೆ. ಎರಡು ವರ್ಷ ಮರಿ ಅಕ್ಕನ ತೊಡೆಯ ಮೇಲೆ ಒಂದನೇತ್ತೆಯಲ್ಲಿ ಕೂತಳು. ಹಾಜರಿ ಕೂಗಿದಾಗ ಅಕ್ಕನೇ ಅವಳ ಕೈ ಹಿಡಿದು ಮೇಲಕ್ಕೆತ್ತುತ್ತಿದ್ದಳು. ನಾನು ನಗುತ್ತಿದ್ದೆ. ಪುಣ್ಯದ ಕೆಲಸ ಮಾಡಿದೆನೆಂದು ಒಳಗೊಳಗೇ ಬೀಗಿದ್ದೆ.

ಸುಳ್ಳು ಬರೆದದ್ದು ಮರೆತೇ ಹೋಗಿತ್ತು. ಬಚ್ಚಿಟ್ಟಿರಲಿಲ್ಲ, ನಂಬು, ಮರೆತಿದ್ದೆ. ಹನ್ನೆರಡು ವರ್ಷ ಆ ಪುಸ್ತಕವನ್ನೇ ನೋಡಿ ನೋಡಿ ಅದರಲ್ಲಿದ್ದದ್ದೇ ನಿಜವೆಂದು ತಿಳಿದಿದ್ದೆ. ನೀನು ಕೇಳಿದಾಗಲೂ ಪುಸ್ತಕ ನೋಡಿದೆನೇ ಹೊರತು ಹುಡುಗಿಯ ಮುಖ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಅಷ್ಟನ್ನೂ ಮಾಡಲಿಲ್ಲ.

ಮರಿಗೆ ಈಗ ಹದಿನೈದು. ನಿನ್ನ ಹತ್ತಿರ ಚಿತ್ರವಿದೆ. ಅದನ್ನು ಕಳಿಸು. ಲಗ್ನ ನಿಲ್ಲಿಸಬೇಕು.

ಸುಂದ್ರಮ್ಮ


ಹೈದರಾಬಾದ್,
3 ಮೇ 2013

ಪೂಜ್ಯ ಅಕ್ಕೋರಿಗೆ,

ನಿಮ್ಮ ಕಾಗದ ಮೂರು ಸಲ ಓದಿದೆ. ಮೊದಲ ಸಲ ಓದಿ ಎದ್ದು ಹೋಗಿ ಮುಖ ತೊಳೆದು ಬಂದೆ. ಎರಡು ತಿಂಗಳು ನಾನು ಆ ಹುಡುಗಿಯ ಎಲುಬಿನ ಜೊತೆ ಜಗಳವಾಡಿದೆ. ಎಲುಬು ನಿಜ ಹೇಳಿತು. ನಾನು ಅದಕ್ಕೆ ದೋಷ ಎಂದು ಹೆಸರಿಟ್ಟು ಹೊರಗೆ ಹಾಕಿದೆ. ಗೆರೆ ಚಂದ ಬಂತೆಂದು ನಿಮಗೆ ಬರೆದೆನಲ್ಲ, ಅದನ್ನು ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಸಂಸ್ಥೆಯ ನೀತಿ ಸಮಿತಿಯ ಮುಂದೆ ಹೋದೆ. ಚಿತ್ರ ಕೊಡಲು ಬರುವುದಿಲ್ಲ ಎಂದರು. ಸಂಶೋಧನೆಗೆಂದು ಒಪ್ಪಿ ಕೊಟ್ಟದ್ದನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಬಳಸಬೇಕಾದರೆ ತಂದೆಯ ಸಹಿ ಬೇಕು. ಆ ತಂದೆಯೇ ಲಗ್ನ ಮಾಡುತ್ತಿರುವುದು! ನಾನು ದನಿ ಎತ್ತಿ ಮಾತಾಡಿದೆ. ಸಮಿತಿಯ ಹಿರಿಯರೊಬ್ಬರು ಸಿಟ್ಟಾಗದೆ ಕೇಳಿದರು: "ನಿನ್ನ ಪದ್ಧತಿ ಇನ್ನೂ ರುಜುವಾತಾಗಿಲ್ಲ. ಇವತ್ತು ಒಬ್ಬ ಹುಡುಗಿಯ ಲಗ್ನ ನಿಲ್ಲಿಸಲು ಕೊಡುತ್ತೀಯ. ನಾಳೆ ಇದನ್ನೇ ಹಿಡಿದು ಪೊಲೀಸರು ಹದಿನಾರರ ಹುಡುಗನನ್ನು ಹತ್ತೊಂಬತ್ತು ಎಂದು ದೊಡ್ಡವರ ಜೈಲಿಗೆ ಹಾಕಿದರೆ?"

ಪರಿಚಯದ ವಕೀಲರನ್ನೂ ಕೇಳಿದೆ. ಶಾಲೆಯ ದಾಖಲೆ ಇರುವಾಗ ಎಲುಬಿನ ಪರೀಕ್ಷೆಗೆ ಬೆಲೆಯಿಲ್ಲ ಎಂದರು. ನೀವು ಜೂನ್ ತಿಂಗಳಲ್ಲಿ ಮಸಿಯಲ್ಲಿ ಬರೆದ ಒಂದು ಸಾಲಿನ ಮುಂದೆ ಕೋಟಿಗಟ್ಟಲೆಯ ನಮ್ಮ ಆಯಸ್ಕಾಂತ ಲೆಕ್ಕಕ್ಕಿಲ್ಲ.

ಪ್ರಬಂಧ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಒಂದು ದಿನಾಂಕ ಸುಳ್ಳಾದರೆ ಉಳಿದ ಮೂವತ್ತೊಂಬತ್ತರ ಗತಿ ಏನು? ಪ್ರೊಫೆಸರಿಗೆ ಸಿಟ್ಟು ಬಂದಿದೆ. ಅದು ಆಮೇಲಿನ ಮಾತು. ಅಕ್ಕೋರೇ, ಇಷ್ಟು ಹೇಳಲೇಬೇಕು. ಆ ಸಾಲನ್ನು ಸುಳ್ಳು ಎನ್ನಬಲ್ಲವರು ಒಬ್ಬರೇ.

ನಿಮ್ಮ
ಭೀಮಾಬಾಯಿ


ಹದಿನಾರನೇ ಮೈಲಿ ಕ್ಯಾಂಪ್,
17 ಮೇ 2013

ಭೀಮಾ,

ನೀನು ಬಾಯಿಬಿಟ್ಟು ಹೇಳದಿದ್ದರೂ ನನಗೆ ಗೊತ್ತಿತ್ತು. ಆದರೆ ಮೊದಲು ಸುಲಭದ ದಾರಿಗಳನ್ನೆಲ್ಲ ತುಳಿದೆ. ಮನುಷ್ಯರ ಬುದ್ಧಿಯೇ ಹಾಗೆ.

ಸಾಬಣ್ಣನ ಮನೆಗೆ ಹೋದೆ. ಗೋಣಿತಟ್ಟು ಹಾಸಿ ಕೂರಿಸಿ ಚಹಾ ಕೊಟ್ಟ. ಮರಿ ಒಳಗಿದ್ದಳು, ಹೊರಗೆ ಬರಲಿಲ್ಲ. ನಾನು ತಪ್ಪು ಬರೆದಿದ್ದೇನೆ, ಅವಳಿಗೆ ಹದಿನೈದು ಎಂದೆ. ಅವನು ಚಹಾದ ಬಟ್ಟಲು ಕೆಳಗಿಟ್ಟ.

"ಅಕ್ಕೋರ, ಕಾಗದ ನೀವ ಬರ್ದದ್ದು. ನಾ ಅಕ್ಷರ ಕಲ್ತಾವ ಅಲ್ಲ. ಹದಿನೆಂಟ ಅಂತ ನೀವ ಬರ್ದೀರಿ, ಸರ್ಕಾರ ನಂಬ್ಯಾದ, ನಾನೂ ನಂಬೀನಿ. ಹುಡುಗ ಚಲೋ ಅದಾನ, ಕುಡಿಯಂಗಿಲ್ಲ. ಈಗ ಲಗ್ನ ತುದಿಗಿ ಬಂದಾಗ ಬಂದು ಖೋಟಾ ಅಂತೀರಿ. ಮಂದಿಗಿ ನಾ ಏನ್ ಹೇಳ್ಲಿ?"

"ಸಾಬಣ್ಣ, ನಿನ್ನ ಮಗಳು ಎಂದ ಹುಟ್ಟ್ಯಾಳ ನಿನಗ ಗೊತ್ತಿಲ್ಲೇನು?"

"ಗೊತ್ತಿದ್ರ ಏನಾತ್ರಿ? ನನ್ನ ಮಾತಿಗಿ ಠಸಿ ಎಲ್ಲದ? ಠಸಿ ನಿಮ್ಮ ಕೈಯಾಗ ಅದ."

ಠಸೆ, ಶಾಲೆಯ ಮೊಹರು, ನನ್ನ ಕೈಯಲ್ಲೇ ಇದೆ; ಎದ್ದು ಹೊರಟೆ. ಮಾನಮ್ಮ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ಉಪಕಾಲುವಿಗಿ ಮೊದಲ ಸಲ ನೀರು ಬಿಟ್ಟ ದಿನ ಹುಟ್ಟ್ಯಾಳ್ರಿ. ಎಲ್ರೂ ನೀರ ನೋಡಾಕ ಓಡಿದ್ರು, ಸೂಲಗಿತ್ತೀನೂ ಓಡಿದ್ಳು."

ಮರುದಿನ ಭೀಮರಾಯನಗುಡಿಗೆ ಹೋದೆ. ನೀರಾವರಿ ಕಚೇರಿಯ ಈಶಪ್ಪ ನನ್ನ ಹಳೆಯ ವಿದ್ಯಾರ್ಥಿ, ಧೂಳು ಕೊಡವಿ ಹಳೆಯ ಪುಸ್ತಕ ತೆಗೆದ. ನಮ್ಮ ಉಪಕಾಲುವೆಗೆ ಮೊದಲ ನೀರು ಬಿಟ್ಟದ್ದು 19 ಜನವರಿ 1998. ಮರಿಗೆ ಹದಿನೈದು ವರ್ಷ ನಾಲ್ಕು ತಿಂಗಳು. ನಿನ್ನ ಯಂತ್ರ ಎಷ್ಟು ಸರಿಯಾಗಿ ಹೇಳಿತ್ತು ನೋಡು!

ಇಷ್ಟನ್ನೂ ಹಿಡಿದುಕೊಂಡು ಬಾಲ್ಯವಿವಾಹ ತಡೆಯುವ ಅಧಿಕಾರಿಗಳ ಹತ್ತಿರ ಹೋದೆ. ಅವರು ಕಾಲುವೆ ಪುಸ್ತಕದ ನಕಲನ್ನು ಹಿಂದಕ್ಕೆ ತಳ್ಳಿದರು. "ನೀರಿನ ತಾರೀಖು ನೀರಿಂದ್ರಿ, ಮಗೂಂದಲ್ಲ. ದಾಖಲೆ ಖೋಟಾ ಅಂತ ನೀವ ಬರ್ದ ಕೊಡ್ರಿ, ನಾ ಇವತ್ತ ಲಗ್ನ ನಿಲ್ಲಿಸ್ತೀನಿ. ಆದ್ರ ಬರ್ದ ಕೊಟ್ರ ನಿಮ್ಮ ಮ್ಯಾಲ ಕೇಸ್ ಆಗ್ತದ. ನಿಮ್ಮ ನಿವೃತ್ತಿಗಿ ಹದಿನಾಲ್ಕು ದಿನ ಉಳದಾವ. ಸುಮ್ಮ ಹಾರ ಹಾಕಿಸಿಕೊಂಡು ಹೋಗ್ರಿ ಅಕ್ಕೋರ" ಎಂದರು. ನನ್ನ ಮೇಲಿನ ಗೌರವಕ್ಕೇ ಹೇಳಿದರು.

ನೀನು ಉಳಿದವರ ಬಗ್ಗೆ ಕೇಳಿದ್ದೆ. ಪಟ್ಟಿ ಹಿಡಿದು ಕೂತೆ. ಹೆಚ್ಚಿನವರದು ಒಂದು ವರ್ಷ ಆಚೀಚೆ ಇರಬಹುದು. ಮೂವರದು ನನಗೆ ನೆನಪಿಗೇ ಬರುತ್ತಿಲ್ಲ. ನಾನೇ ಬರೆದದ್ದು, ನನಗೇ ಗೊತ್ತಿಲ್ಲ.

ಇನ್ನೂ ಬರೆದುಕೊಟ್ಟಿಲ್ಲ. ಹೆದರಿಕೆಯಾಗುತ್ತಿದೆ ಭೀಮಾ. ಮೂವತ್ತೈದು ವರ್ಷ ಸುಂದ್ರಮ್ಮ ಅಕ್ಕೋರು ಎನಿಸಿಕೊಂಡೆ, ಇನ್ನು ಖೋಟಾ ಸುಂದ್ರಮ್ಮ ಎನಿಸಿಕೊಳ್ಳಬೇಕು.

ಸುಂದ್ರಮ್ಮ


ಹದಿನಾರನೇ ಮೈಲಿ ಕ್ಯಾಂಪ್,
10 ಜೂನ್ 2013

ಚಿರಂಜೀವಿ ಭೀಮಾಬಾಯಿಗೆ,

ಮೂವತ್ತೊಂದಕ್ಕೆ ನೀನು ಹಾರ ಹಿಡಿದು ಬಂದು ನಿಂತಾಗ ನಾನು ಅದನ್ನು ಹಾಕಿಸಿಕೊಳ್ಳದೆ ಒಳಗೆ ಹೋದೆ. ತಪ್ಪು ತಿಳಿಯಬೇಡ. ಹಿಂದಿನ ದಿನವೇ ಬರೆದುಕೊಟ್ಟಿದ್ದೆ. "ದಾಖಲಾತಿ ಸಂಖ್ಯೆ 114, ಮರಿಲಿಂಗಮ್ಮ ತಂದೆ ಸಾಬಣ್ಣ. ಈ ಮಗುವಿನ ಜನ್ಮ ದಿನಾಂಕವನ್ನು ನಾನು ತಿಳಿದೂ ತಿಳಿದೂ ತಪ್ಪಾಗಿ ಬರೆದೆ." ಇಷ್ಟು ಬರೆಯಲು ಒಂದು ಬೆಳಗು ಹಿಡಿಯಿತು. ಮೂವತ್ತೊಂದರ ಮಧ್ಯಾಹ್ನ ಸಭೆಗೆ ಮೊದಲೇ ಅಮಾನತಿನ ಆದೇಶ ಬಂತು. ಸಭೆ ನಡೆಯಲಿಲ್ಲ. ಮಕ್ಕಳಿಗೆಂದು ತರಿಸಿದ್ದ ಬೂಂದಿಯನ್ನು ಮಾತ್ರ ಹಂಚಿಸಿದೆ, ಅವರದೇನು ತಪ್ಪು?

ನಿನ್ನೆ ಶಹಾಪುರದಲ್ಲಿ ಮರಿಯ ಹೆಸರು ಹೊಡೆದುಹಾಕಿದರು. ಅಧಿಕಾರಿಗಳು ಇಬ್ಬರು ಪೊಲೀಸರ ಜೊತೆ ಮನೆಗೇ ಹೋಗಿ, ಹದಿನೆಂಟು ತುಂಬುವ ತನಕ ಲಗ್ನ ಮಾಡುವುದಿಲ್ಲವೆಂದು ಸಾಬಣ್ಣನಿಂದ ಬರೆಸಿಕೊಂಡಿದ್ದಾರೆ. ಶಿರವಾಳದವರು ಬೇರೆ ಹುಡುಗಿ ನೋಡಿಕೊಂಡರಂತೆ. ಸಾಬಣ್ಣ ನನ್ನ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಾನೆ. ತಿರುಗಿಸಲಿ. ಮರಿ ಉಳಿದಳು.

ಇವತ್ತು ಬೆಳಿಗ್ಗೆ ಅವಳು ನನ್ನ ಮನೆಗೆ ಬಂದಿದ್ದಳು. ನಿನ್ನ ಕಾಗದಗಳನ್ನೆಲ್ಲ ಓದಲು ಕೊಟ್ಟೆ, ಅವಳ ವಿಷಯ ಅವಳಿಗೆ ತಿಳಿಯಲಿ ಎಂದು. ಓದಿ ಮುಗಿಸಿ ನಿನ್ನ ವಿಳಾಸ ಬರೆದುಕೊಂಡು ಹೋದಳು.

ಇಂತಿ,
ಸುಂದ್ರಮ್ಮ


ಹದಿನಾರನೇ ಮೈಲಿ ಕ್ಯಾಂಪ್,
22 ಜೂನ್ 2013

ಭೀಮಾಬಾಯಿ ಅಕ್ಕನವರಿಗೆ,

ನಾನು ಇಪ್ಪತ್ತೇಳು. ಮರಿಲಿಂಗಮ್ಮ.

ಶಹಾಪುರದ ಕಾಲೇಜಿಗೆ ಹೆಸರು ಹಚ್ಚಿದ್ದೇನೆ. ಅಪ್ಪ ಇನ್ನೂ ಮಾತಾಡುವುದಿಲ್ಲ, ಬಸ್ಸಿನ ಪಾಸಿಗೆ ಮಾತ್ರ ಹೆಬ್ಬೆಟ್ಟು ಒತ್ತಿದ್ದಾನೆ. ನಿಮಗೆ ಒಂದು ವಿಷಯ ಕೇಳಬೇಕೆಂದು ಬರೆಯುತ್ತಿದ್ದೇನೆ.

ನನ್ನ ವಯಸ್ಸು ನನಗೆ ಗೊತ್ತಿತ್ತು. ನೀರು ಬಂದ ದಿನದ ಕಥೆ ಅವ್ವ ಎಷ್ಟೋ ಸಲ ಹೇಳಿದ್ದಾಳೆ. ಲಗ್ನದ ಮಾತು ಹೋದ ದೀಪಾವಳಿಗೇ ಶುರುವಾಗಿತ್ತು. ನನಗೆ ಬೇಡವಾಗಿತ್ತು. ಅವ್ವನಿಗೆ ಹೇಳಿದೆ, "ಅಪ್ಪನ ಮುಂದ ನಾ ಹ್ಯಾಂಗ ಹೇಳ್ಲವ್ವ" ಎಂದಳು. ಅಕ್ಕನಿಗೆ ಹೇಳಿದೆ, ಅತ್ತಳು. ಜನವರಿಯಲ್ಲಿ ಅಕ್ಕೋರು ಮನೆ ಮನೆಗೆ ಬಂದು, ಹೈದರಾಬಾದಿನಲ್ಲಿ ಒಂದು ಯಂತ್ರ ಅದ, ಎಲುಬು ನೋಡಿ ಖರೇ ವಯಸ್ಸು ಹೇಳ್ತದ ಎಂದರು. ಅವರ ಮಾತು ಮುಗಿಯುವ ಮೊದಲೇ ನಾನು ಬರುತ್ತೇನೆ ಎಂದೆ. ಎಲ್ಲರೂ ರೈಲು ನೋಡಲು ಬಂದಿದ್ದರು. ನಾನು ಯಂತ್ರಕ್ಕಾಗಿ ಬಂದಿದ್ದೆ.

ಮಲಗಿಸಿ ಒಳಗೆ ತಳ್ಳುವಾಗ ಎಡಗೈಗೆ ಒಂದು ರಬ್ಬರ್ ಚೆಂಡು ಕೊಟ್ಟಿರಿ. ಏನಾದರೂ ಹೇಳುವುದಿದ್ದರೆ ಒತ್ತು ಎಂದಿರಿ. ಹೊರಗೆ ಅಕ್ಕೋರಿದ್ದರು, ನಮ್ಮ ಕ್ಯಾಂಪಿನ ಹುಡುಗರಿದ್ದರು, ಅಲ್ಲಿ ಹೇಳಲು ಆಗುತ್ತಿರಲಿಲ್ಲ. ಒಳಗೆ ಯಾರೂ ಇರಲಿಲ್ಲ. ಒತ್ತಿದೆ. ಸದ್ದು ನಿಂತಿತು. "ಏನಾತವ್ವ?" ಎಂದು ನಿಮ್ಮ ದನಿ ಬಂತು. ನಾನು ಹೇಳಿದೆ, "ಅಕ್ಕಾರ, ನನಗ ಹದಿನೈದ್ರಿ. ಕಾಗದದಾಗ ಇದ್ದದ್ದು ಖರೇ ಅಲ್ರಿ. ನನ್ನ ಲಗ್ನ ಮಾಡಾಕತ್ತಾರ. ನಮ್ಮಪ್ಪಗ ನೀವ ಹೇಳ್ರಿ." ಎರಡು ಸಲ ಹೇಳಿದೆ. ನೀವು, "ಅಂಜಬ್ಯಾಡ, ಇನ್ನ ನಾಕ ನಿಮಿಷ ಅಷ್ಟ. ಕೈ ಅಲಗಾಡಿಸಬ್ಯಾಡ" ಎಂದಿರಿ.

ನೀವು ಒಪ್ಪಿಕೊಂಡಿರಿ ಎಂದು ತಿಳಿದೆ. ಅಲುಗಾಡಲಿಲ್ಲ. ಅಲುಗಾಡಿದರೆ ಯಂತ್ರ ತಪ್ಪು ಹೇಳೀತೆಂದು ಉಸಿರನ್ನೂ ಸಣ್ಣಗೆ ಬಿಟ್ಟೆ. ಊರಿಗೆ ಬಂದು ನಿಮ್ಮ ಕಾಗದ ಕಾದೆ. ಫೆಬ್ರುವರಿ ಆಯಿತು, ಮಾರ್ಚ್ ಆಯಿತು. ಅಪ್ಪ ಲಗ್ನದ ಸೀರೆ ತಂದ. ನೀವೂ ಅಪ್ಪನ ಕಡೆಯವರೇ ಆದಿರಿ ಎಂದುಕೊಂಡೆ.

ಈಗ ಅಕ್ಕೋರು ನಿಮ್ಮ ಕಾಗದ ಓದಲು ಕೊಟ್ಟರು. ಅದರಲ್ಲಿ ನೀವು ನನ್ನ ಚಿತ್ರ ಸ್ವಚ್ಛವಾಗಿದೆ ಎಂದು ಬರೆದಿದ್ದೀರಿ, ನಾನು ಹೇಳಿದ್ದು ಒಂದು ಅಕ್ಷರವೂ ಇಲ್ಲ. ನಾನು ಹೇಳಿದ್ದು ನಿಮಗೆ ಕೇಳಿಸಿತ್ತೋ ಇಲ್ಲವೋ? ಅಷ್ಟು ಬರೆಯಿರಿ.

ಮರಿಲಿಂಗಮ್ಮ


ಹೈದರಾಬಾದ್,
29 ಜೂನ್ 2013

ಮರಿ,

ಕೇಳಿಸಲಿಲ್ಲ.

ಯಂತ್ರದೊಳಗೆ ಆಡಿದ ಮಾತು ನಮ್ಮ ಕೋಣೆಗೆ ಬರಲು ಒಂದು ಸ್ಪೀಕರ್ ಇದೆ. ಯಂತ್ರದ ಸದ್ದು ಅದರಲ್ಲೂ ಬಂದು ದಿನವಿಡೀ ತಲೆ ತಿನ್ನುತ್ತದೆಂದು ಅದರ ದನಿಯನ್ನು ಪೂರ್ತಿ ತಗ್ಗಿಸಿಟ್ಟವಳು ನಾನೇ. ನಾನು ಆಡಿದ್ದು ನಿನಗೆ ಕೇಳುತ್ತಿತ್ತು, ನೀನು ಆಡಿದ್ದು ನನಗೆ ಕೇಳುತ್ತಿರಲಿಲ್ಲ. ಚೆಂಡು ಒತ್ತಿದವರಿಗೆಲ್ಲ ಏನಾತವ್ವ, ಏನಾತಪ್ಪ ಎಂದು ಕೇಳಿ, ಅಂಜಬ್ಯಾಡ ಎಂದು ಹೇಳಿ, ಮತ್ತೆ ಯಂತ್ರ ಹಚ್ಚುತ್ತಿದ್ದೆ. ಒಳಗಿದ್ದವರಿಗೆ ಅಂಜಿಕೆಯ ಹೊರತು ಬೇರೆ ಏನಿದ್ದೀತು ಎಂದುಕೊಂಡಿದ್ದೆ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ.

ಯಾರು ಯಾವಾಗ ಚೆಂಡು ಒತ್ತಿದರು ಎಂಬುದನ್ನು ಯಂತ್ರ ತನ್ನಷ್ಟಕ್ಕೇ ಬರೆದಿಟ್ಟುಕೊಳ್ಳುತ್ತದೆ. ಇವತ್ತು ಅದನ್ನು ತೆಗೆದು ನೋಡಿದೆ. ನಿಮ್ಮ ನಲವತ್ತು ಮಂದಿಯಲ್ಲಿ ಒತ್ತಿದವರು ಹನ್ನೊಂದು. ನೀನು ಹೇಳಿದ್ದು ಈಗ ತಿಳಿಯಿತು. ಉಳಿದ ಹತ್ತು ಮಂದಿ ಏನು ಹೇಳಿದರೋ ನನಗೆ ಗೊತ್ತಿಲ್ಲ.

ನಾಳೆ ಬೆಳಗಿನ ಗಾಡಿಗೆ ಯಾದಗಿರಿಗೆ ಬರುತ್ತೇನೆ. ಸಂಖ್ಯೆಗಳು ನನ್ನ ಹತ್ತಿರ ಇವೆ, ಹೆಸರುಗಳು ಅಕ್ಕೋರ ಹತ್ತಿರ. ಮನೆಗಳು ನಿನಗೆ ಗೊತ್ತು. ನನ್ನ ಜೊತೆ ಬರುತ್ತೀಯಾ?

ಭೀಮಾಬಾಯಿ